ಮುಚ್ಚಳ ಬಡಿದವಳು

ಡಂಗುರ ಎಂಬುದು ಅವಳಿಗೆ ಅತ್ತೆ ಇಟ್ಟ ಹೆಸರು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಹಾಲು ಉಕ್ಕಿಸಿದಳು. ಬೇರೆ ಯಾರಾದರೂ ಆಗಿದ್ದರೆ ಒಲೆ ಒರೆಸಿ, ಪಾತ್ರೆಗೆ ಒಂದಿಷ್ಟು ನೀರು ಸುರಿದು ತೆಪ್ಪಗಿರುತ್ತಿದ್ದರು. ಇವಳು ನೆಂಟರು ಕೂತಿದ್ದ ನಡುಮನೆಗೆ ಬಂದು, "ಅತ್ತೆ, ಹಾಲು ಉಕ್ಕಿಸಿಬಿಟ್ಟೆ. ಅರ್ಧ ಹೋಯ್ತು. ಟೀ ಎಲ್ಲರಿಗೂ ಸಾಲಲ್ಲ" ಎಂದು ಸಾರಿದಳು. ಅತ್ತೆ ಹಣೆ ಚಚ್ಚಿಕೊಂಡು ಮಗನಿಗೆ ಹೇಳಿದಳು: "ಸೊಸೆ ತಂದ್ಕೊಂಡೆ ಅಂದ್ಕೊಂಡಿದ್ದೆ ಕಣೋ. ಡಂಗುರ ತಂದ್ಕೊಂಡಿದೀನಿ."

ಅತ್ತೆಯ ಬಾಯಿಯೇನು ಕಡಿಮೆಯದಲ್ಲ. ನೂಲಿನ ಗಿರಣಿಯಲ್ಲಿ ದುಡಿದು ಸವೆದ ಹೆಂಗಸು. ಗಿರಣಿಯವರು ಬಾಗಿಲೆಳೆದಾಗ ಗೇಟಿನ ಮುಂದೆ ಕೂತು ಏಟು ತಿಂದವರಲ್ಲಿ ಅವಳೂ ಇದ್ದಳು, ನಾನೂ ಇದ್ದೆ. ಆ ಸಲುಗೆಯಿಂದ ಆ ಮನೆಯ ಅಡುಗೆಮನೆಯವರೆಗೂ ನನಗೆ ದಾರಿ ಇದೆ. ಮಗ ಫ್ರಿಜ್ಜು, ವಾಷಿಂಗ್ ಮೆಷಿನ್ನು ರಿಪೇರಿ ಮಾಡುತ್ತಾನೆ. ಮನೆಯ ಮುಂಭಾಗವೇ ಅಂಗಡಿ. ಒಳಗೆ ಹೋಗಬೇಕಾದರೆ ಹೊಟ್ಟೆ ಬಿಚ್ಚಿಕೊಂಡು ನಿಂತ ಮೆಷಿನ್ನುಗಳ ನಡುವೆ ಅಡ್ಡಡ್ಡ ನುಸುಳಿಕೊಂಡೇ ಹೋಗಬೇಕು.

ಸೊಸೆಯ ಕೆಲಸ ಸಾಫ್ಟ್‌ವೇರ್ ಕಂಪನಿಯಲ್ಲಿ. ಸಾಫ್ಟ್‌ವೇರ್ ಎಂದ ಕೂಡಲೇ ಗಾಜಿನ ಅರಮನೆ ಕಣ್ಣ ಮುಂದೆ ತಂದುಕೊಳ್ಳಬೇಡಿ. ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ಏರುವಾಗ ತೊಗಲಿನ ವಾಸನೆ, ಸದಾ ತೊಟ್ಟಿಕ್ಕುವ ಏಸಿ. ಅಲ್ಲಿ ಇವಳು ಟೆಸ್ಟರ್. ಎಂದರೆ, ಬೇರೆಯವರು ಕಟ್ಟಿದ್ದನ್ನು ಒದ್ದು ನೋಡಿ, ಎಲ್ಲಿ ಬೀಳುತ್ತದೆ ಎಂದು ಹೇಳುವವಳು. ಹುಟ್ಟುಗುಣಕ್ಕೆ ತಕ್ಕ ಕೆಲಸ ಸಿಗುವುದು ಕೆಲವರಿಗೆ ಮಾತ್ರ. ಅವರು ಕಟ್ಟುತ್ತಿದ್ದದ್ದು ಬಸ್ ಡಿಪೋಗಳಿಗೆ ಪಾಳಿ ಹಂಚುವ ಪ್ರೋಗ್ರಾಮು: ಯಾವ ಡ್ರೈವರ್ ಯಾವ ಬಸ್ಸನ್ನು ಯಾವ ಹೊತ್ತಿಗೆ ಓಡಿಸಬೇಕು, ನಡುವೆ ಅವನಿಗೆ ಎಷ್ಟು ಬಿಡುವು, ಎಲ್ಲವೂ ಅದರ ಹೊಟ್ಟೆಯಲ್ಲಿ.

ಆ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಊಟದ ಕೋಣೆಯಲ್ಲಿ ಒಂದು ಉದ್ದನೆಯ ಮೇಜು. ಕುಂಟುವ ಕಾಲಿಗೆ ಮಡಚಿದ ರಟ್ಟು. ಯಾರಾದರೂ ಏನಾದರೂ ಕೆಡಿಸಿದ್ದರೆ, ಅಥವಾ ಕೆಟ್ಟದ್ದು ಕಣ್ಣಿಗೆ ಬಿದ್ದಿದ್ದರೆ, ಎದ್ದು ನಿಂತು ಊಟದ ಡಬ್ಬಿಯ ಮುಚ್ಚಳವನ್ನು ಚಮಚದಿಂದ ಬಡಿಯಬೇಕು. ಆಮೇಲೆ ಹೇಳಬೇಕು. ಹೇಳಿ ಮುಗಿಸುವ ತನಕ ಯಾರೂ ನಗುವಂತಿಲ್ಲ. ಮುಗಿದ ಮೇಲೆ ಎಷ್ಟು ಬೇಕಾದರೂ ಆಡಿಕೊಳ್ಳಬಹುದು. ಕೊನೆಗೆ ಒಂದೇ ಪ್ರಶ್ನೆ: "ಯಾರ್ಯಾರಿಗೆ ತಾಗುತ್ತೆ?" ತಾಗುವವರು ಬಾಯಿ ಬಿಡುತ್ತಿದ್ದರು. ಅನ್ನ ತಣಿಯುವುದರೊಳಗೆ ಗಂಟು ಎಲ್ಲಿದೆ ಎಂದು ಗೊತ್ತಾಗಿರುತ್ತಿತ್ತು. ಈ ಪದ್ಧತಿ ಶುರುವಾದದ್ದೇ ಡಂಗುರ ಸೇರಿದ ಮೇಲೆ ಎಂದು ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಹೊಸ ಮುಖ್ಯಸ್ಥ ಬಂದ. ಮೆತ್ತಗೆ ಮಾತಾಡುವವನು, ಎಂದೂ ದನಿ ಏರಿಸದವನು. ನನ್ನ ಅನುಭವದಲ್ಲಿ ಕೂಗಾಡುವ ಮಾಲೀಕನಿಗಿಂತ ಈ ಜಾತಿಯವನಿಗೇ ಹೆಚ್ಚು ಹೆದರಬೇಕು. ಅವನು ಬರುವ ಮುಂಚೆ ಕೆಲಸ ಬಿಟ್ಟ ಒಬ್ಬ, ಪ್ರೋಗ್ರಾಮಿನ ತಪ್ಪುಗಳನ್ನೆಲ್ಲ ಎದುರಾಳಿ ಕಂಪನಿಯ ಕಿವಿಗೆ ಊದಿದ್ದ. ಒಂದು ಊರಿನ ಸಾರಿಗೆಯವರು ಕೈಬಿಟ್ಟು ಹೋಗಿದ್ದರು. ಸುಡದೆ ಇದ್ದದ್ದನ್ನೂ ಊದಿ ಕುಡಿಯುವ ಭಯ ಕಂಪನಿಗೆ ಹಿಡಿದಿತ್ತು. ಆ ಭಯಕ್ಕೆ ಇವನು ಔಷಧಿ ತಂದ. "ಯಾರಿಗೆ ಎಷ್ಟು ಬೇಕೋ ಅಷ್ಟೇ ಗೊತ್ತಿರಲಿ" ಎಂಬುದು ಅವನ ಮಂತ್ರ. ಒಂದೇ ದೊಡ್ಡ ಕೋಣೆಯಲ್ಲಿ ಕೂತಿದ್ದವರನ್ನು ಮೂರು ಗುಂಪು ಮಾಡಿ ನಡುವೆ ಗಾಜಿನ ಬಾಗಿಲು ಹಾಕಿಸಿದ. ಒಬ್ಬರ ಕಾರ್ಡಿಗೆ ಇನ್ನೊಬ್ಬರ ಬಾಗಿಲು ತೆರೆಯದು. ಬಿಡುವಿನ ಲೆಕ್ಕ ಹಾಕುವ ಗುಂಪು ಒಂದು ಕಡೆ, ಡ್ರೈವರ್‌ಗಳು ತಮ್ಮತಮ್ಮಲ್ಲಿ ಪಾಳಿ ಅದಲುಬದಲು ಮಾಡಿಕೊಳ್ಳುವ ಭಾಗ ನೋಡುವ ಗುಂಪು ಇನ್ನೊಂದು ಕಡೆ, ಡ್ರೈವರ್‌ಗಳ ಫೋನಿಗೆ ಹೋಗುವ ಆ್ಯಪ್ ಮತ್ತು ಅವರ ದೂರು ನೋಡುವ ಗುಂಪು ಮಗದೊಂದು ಕಡೆ. ಊಟಕ್ಕೂ ಸರದಿ. ಮೊದಲು ಎಲ್ಲರ ಕಣ್ಣಿಗೂ ಬೀಳುತ್ತಿದ್ದ ತಪ್ಪುಗಳ ಪಟ್ಟಿಯನ್ನೂ ಮೂರು ಹೋಳು ಮಾಡಿದ. ಸಾರಿಗೆಯವರ ಮುಂದೆ ಮುಜುಗರ ತರುವಂಥ ತಪ್ಪುಗಳನ್ನು ತಾನೊಬ್ಬನೇ ನೋಡುವ ಕಡೆಗೆ ಎತ್ತಿಟ್ಟುಕೊಂಡ.

ಆಫೀಸಿನವರು ಅವನಿಗೆ ಬೀಗ ಎಂದು ಹೆಸರಿಟ್ಟರು. ಅತ್ತೆ ಕೇಳಿ, "ಮಗಳು ಕೊಟ್ಟಿದೀರೋ, ತಂದಿದೀರೋ? ಈಗ್ಲೇ ಬೀಗ ಅಂತ ಕರೀತೀರಲ್ಲೇ" ಎಂದು ನಕ್ಕಳು.

ಮುಚ್ಚಿಡಬೇಕಾದದ್ದು ಯಾವುದೂ ಇಲ್ಲ ಎಂದು ನಾನೂ ಹೇಳುವುದಿಲ್ಲ, ಡಂಗುರ ಕೂಡ ಹೇಳುತ್ತಿರಲಿಲ್ಲ. ಡ್ರೈವರ್‌ಗಳ ಮನೆ ವಿಳಾಸ, ಕಾಯಿಲೆ ರಜೆಯ ಕಾರಣ, ಪಾಸ್‌ವರ್ಡು, ಇವಕ್ಕೆ ಏಳು ಸುತ್ತಿನ ಕೋಟೆ ಕಟ್ಟಲಿ, ಬೇಡ ಎಂದವರು ಯಾರು? ತಪ್ಪಿಗೆ ಯಾಕಪ್ಪ ಕೋಟೆ? ತಪ್ಪು ಯಾರಪ್ಪನ ಆಸ್ತಿ?

ಬೀಗ ಬರುವ ಸ್ವಲ್ಪ ಮುಂಚೆ ಡಂಗುರ ಒಂದು ತಪ್ಪು ಹಿಡಿದಿದ್ದಳು. ಒಬ್ಬ ಡ್ರೈವರ್ ಗೆಳೆಯನ ರಾತ್ರಿ ಪಾಳಿಯನ್ನು ತಾನು ವಹಿಸಿಕೊಂಡು, ಡಿಪೋ ಅದಕ್ಕೆ ಒಪ್ಪಿಗೆ ಕೊಟ್ಟಿತು ಎನ್ನಿ. ಬಸ್ ಓಡಿಸಿದವನು ಇವನು. ಆದರೆ ಬಿಡುವಿನ ಲೆಕ್ಕ ಹಾಕುವಾಗ ಪ್ರೋಗ್ರಾಮು ಹಳೆಯ ಪಟ್ಟಿಯನ್ನೇ ನೋಡುತ್ತಿತ್ತು. ರಾತ್ರಿಯಿಡೀ ಮನೆಯಲ್ಲಿ ಮಲಗಿದ್ದ ಗೆಳೆಯನಿಗೆ ಬಿಡುವು ಕೊಡುತ್ತಿತ್ತು. ಕಣ್ಣು ಉರಿಸಿಕೊಂಡು ಬಸ್ ಓಡಿಸಿದವನಿಗೆ, ನೀನು ರಜೆಯಲ್ಲಿದ್ದೆಯಲ್ಲ ಎಂದು ನಸುಕಿನ ಪಾಳಿ ಹಾಕುತ್ತಿತ್ತು. ಅವಳು ಅದನ್ನು ಪಟ್ಟಿಯಲ್ಲಿ ಬರೆದಳು. ಮುಚ್ಚಳ ಬಡಿಯಬೇಕು ಎನ್ನುವಷ್ಟರಲ್ಲಿ ಬೀಗ ಬಂದ, ಎಲ್ಲರೂ ಮೇಜಿನ ಸುತ್ತ ಸೇರುವುದೇ ನಿಂತಿತು. ಒಂದು ದಿನ ನೋಡಿದರೆ ಆ ತಪ್ಪು ಪಟ್ಟಿಯಲ್ಲಿ ಇರಲಿಲ್ಲ.

ಇಲ್ಲೇ ಅವಳು ಎಡವಿದ್ದು. ಆ ಆಫೀಸಿನಲ್ಲಿ ವರ್ಷಗಟ್ಟಲೆ ನಡೆದು ಬಂದದ್ದು ಒಂದೇ: ಸರಿಪಡಿಸಿದ ತಪ್ಪು ಮಾತ್ರ ಪಟ್ಟಿಯಿಂದ ಇಳಿಯುತ್ತದೆ. ಪಟ್ಟಿಯಲ್ಲಿ ಕಾಣದ ತಪ್ಪು ಸರಿಹೋದ ತಪ್ಪು ಎಂಬುದು ಅಲ್ಲಿ ಎಲ್ಲರ ಕಣ್ಣಿಗೆ ಅಂಟಿದ ಅಭ್ಯಾಸ. ಬೇರೆ ಗುಂಪಿನ ಟೆಸ್ಟರ್ ನೋಡಿ ಇಳಿಸಿರಬೇಕು ಎಂದುಕೊಂಡು ಇವಳು ಮುಂದಿನ ಕೆಲಸಕ್ಕೆ ಹೋದಳು. ತಪ್ಪು ಸರಿಯಾಗಿರಲಿಲ್ಲ. ಬೀಗ ಅದನ್ನು ಎತ್ತಿ ಒಳಗಿಟ್ಟಿದ್ದ.

ಡ್ರೈವರ್ ಒಬ್ಬ ಬಸ್ ನಿಲ್ದಾಣಕ್ಕೆ ಬಸ್ ನುಗ್ಗಿಸಿದ್ದು ಆಮೇಲಿನ ಮಾತು. ನಸುಕಿನ ಪಾಳಿ, ನಿದ್ದೆಗಣ್ಣು. ತಂಗುದಾಣದ ಚಾವಣಿ ಕುಸಿದು ಕೆಳಗಿದ್ದ ಮುದುಕಿಯ ಸೊಂಟ ಮುರಿಯಿತು. ಡ್ರೈವರನನ್ನು ಅಮಾನತು ಮಾಡಿದರು. ಅವನು, "ಹಿಂದಿನ ರಾತ್ರಿ ಗೆಳೆಯನ ಪಾಳಿ ಮಾಡಿದ್ದೆ, ನಿದ್ದೆ ಇಲ್ಲ ಅಂತ ಡಿಪೋದಲ್ಲಿ ಹೇಳಿದ್ದೆ" ಎಂದ. ಡಿಪೋದವರು ಕಂಪ್ಯೂಟರ್ ತೋರಿಸಿದರು: ಹಿಂದಿನ ದಿನ ರಜೆ. ರಜೆಯಲ್ಲಿದ್ದವನಿಗೆ ನಿದ್ದೆ ಯಾಕಿಲ್ಲ? ಎಲ್ಲಿ ಕುಡಿದು ಬಿದ್ದಿದ್ದೆ? ಯಾರ ಮನೆಯಲ್ಲಿದ್ದೆ? ಪಾಳಿ ಬಿಟ್ಟುಕೊಟ್ಟ ಗೆಳೆಯ ತನ್ನ ಬುಡಕ್ಕೂ ಬಂದೀತೆಂದು ಉಗುಳು ನುಂಗಿಕೊಂಡು ಕೂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಎತ್ತು ಕಂಪ್ಯೂಟರ್ ಒಳಗಿತ್ತು, ಎಮ್ಮೆಗೆ ಹೆಂಡತಿ ಮಕ್ಕಳಿದ್ದರು.

ಡ್ರೈವರ್‌ಗಳ ಸಂಘದವರು ನನ್ನನ್ನು ಕರೆದರು. ಅವನ ಪರವಾಗಿ ಸಹಿ ಕೂಡಿಸಲು ಹೊರಟವನು ಮೊದಲು ಹೋದದ್ದು ಹಳೆಯ ಸಂಗಾತಿಯ ಮನೆಗೆ. ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಸೊಸೆ ಈರುಳ್ಳಿ ಹೆಚ್ಚುತ್ತಿದ್ದಳು. ನಾನು ಡ್ರೈವರನ ಕತೆ ಹೇಳಿದೆ.

"ಕಂಪ್ಯೂಟರ್ ಸುಳ್ಳು ಹೇಳುತ್ತೇನೋ?" ಎಂದಳು ಅತ್ತೆ.

"ಅದೇ ಅವನ ಹೆಂಡತಿನೂ ಕೇಳ್ತಾಳಂತೆ. ಗೆಳೆಯನ ಪಾಳಿ ಮಾಡಿದ್ದು ನಿಜ ಅಂತಾನೆ ಅವನು. ರಜೆ ಅಂತ ತೋರಿಸ್ತದೆ ಅದು."

ಈರುಳ್ಳಿ ಹೆಚ್ಚುವ ಸದ್ದು ನಿಂತಿತು.

"ಅದಲುಬದಲು ಮಾಡ್ಕೊಂಡಿದ್ನಾ ಮಾವ?" ಎಂದಳು ಸೊಸೆ. ಅವಳು ನನ್ನನ್ನು ಮಾವ ಎಂದೇ ಕರೆಯುವುದು. "ಡಿಪೋ ಒಪ್ಪಿತ್ತಾ?"

"ಒಪ್ಪಿತ್ತಂತೆ."

ಅವಳು ಕತ್ತಿಯನ್ನು ಹಲಗೆಯ ಮೇಲಿಟ್ಟಳು. "ಅದು ನಮ್ಮ ಪ್ರೋಗ್ರಾಮು. ಆ ತಪ್ಪು ನಾನೇ ಹಿಡಿದಿದ್ದೆ. ಸರಿಯಾಗಿದೆ ಅಂದ್ಕೊಂಡಿದ್ದೆ."

ಅಂಗಡಿಯಿಂದ ಗಂಡ ಇಣುಕಿದ, ಕೈಯಲ್ಲಿ ಸ್ಕ್ರೂಡ್ರೈವರ್. "ಅಂದ್ಕೊಂಡಿದ್ದೆ ಅಂದ್ರೆ?"

"ಕೇಳಲಿಲ್ಲ."

ಅತ್ತೆ ಬೆಳ್ಳುಳ್ಳಿ ಸಿಪ್ಪೆ ಕೊಡವಿಕೊಂಡು, "ಹಾಲು ಉಕ್ಕಿದ್ರೆ ಊರಿಗೆಲ್ಲ ಸಾರೋಳು, ಇದಕ್ಕೆ ಯಾಕೆ ಬಾಯಿ ಸತ್ತಿತ್ತೇ?" ಎಂದಳು.

ಮರುದಿನ ಅವಳು ನೇರ ಬೀಗನ ಕೋಣೆಗೆ ಹೋದಳು. ಅಲ್ಲಿ ನಡೆದದ್ದನ್ನು ಅವಳು ನನಗೆ ಒಂದಕ್ಷರ ಬಿಡದೆ ಹೇಳಿದ್ದಾಳೆ.

"ಕೂತ್ಕೊಳ್ಳಿ ಮೇಡಂ."

"ಕೂರೋಕೆ ಬಂದಿಲ್ಲ ಸಾರ್. ಅದಲುಬದಲು ಪಾಳಿದು ಒಂದು ತಪ್ಪು ಬರೆದಿದ್ದೆ. ಸರಿಯಾಯ್ತಾ?"

"ಅದು ಈಗ ನಿಮ್ಮ ಗುಂಪಿಗೆ ಸಂಬಂಧಪಟ್ಟಿದ್ದಲ್ಲ."

"ಸರಿಯಾಯ್ತಾ ಅಂತ ಕೇಳಿದ್ದು."

"ಅದನ್ನ ಮೇಲಿನ ಮಟ್ಟದಲ್ಲಿ ನೋಡ್ತಾ ಇದೀವಿ."

"ನೋಡ್ತಾ ಕೂತಿದೀರೋ, ಸರಿ ಮಾಡಿದೀರೋ?"

ಅವನು ಪೆನ್ನಿನ ಕ್ಯಾಪು ಮುಚ್ಚಿದನಂತೆ. "ನೋಡಿ, ಸಾರಿಗೆಯವರ ಜೊತೆ ಒಪ್ಪಂದ ಮುಂದುವರಿಯೋ ಹೊತ್ತು ಇದು. ಈ ಮಾತು ಈಗ ಹೊರಗೆ ಹೋದ್ರೆ ಇಲ್ಲಿರೋ ಎಲ್ಲರ ಹೊಟ್ಟೆ ಮೇಲೆ ಹೊಡೆದ ಹಾಗೆ."

"ಒಬ್ಬ ಡ್ರೈವರ್ ಹೊಟ್ಟೆ ಮೇಲೆ ಆಗ್ಲೇ ಬಿದ್ದಿದೆ ಸಾರ್. ಅವನು ಎಲ್ಲಿ ಕುಡಿದು ಬಿದ್ದಿದ್ದ ಅಂತ ಕೇಳ್ತಿದಾರೆ."

"ಅವನ ವಿಚಾರಣೆ ನಮ್ಮ ಕೆಲಸ ಅಲ್ಲ. ನೀವು ಸೇರುವಾಗ ಸಹಿ ಹಾಕಿದ ಕಾಗದ ನೆನಪಿದೆ ಅಂದ್ಕೋತೀನಿ."

ಬಾಯಿಗೆ ಬೀಗ ಹಾಕುವ ಕಾಗದ ಅದು. ಎಲ್ಲ ಕಂಪನಿಗಳಲ್ಲೂ ಇರುತ್ತದೆ. ಗಿರಣಿಯಲ್ಲಿ ನಮಗೂ ಇತ್ತು, ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.

ಅವಳು ಹೊರಗೆ ಬಂದಳು. ಮೊದಲ ಸರದಿಯವರು ಉಣ್ಣಲು ಕೂತಿದ್ದರು. ಅವಳು ತನ್ನ ಡಬ್ಬಿಯ ಮುಚ್ಚಳ ತೆಗೆದಳು, ಚಮಚ ತೆಗೆದುಕೊಂಡಳು. ಆದರೆ ಮೇಜಿನ ಬಳಿ ನಿಲ್ಲಲಿಲ್ಲ. ಓಣಿಯುದ್ದಕ್ಕೂ ಮುಚ್ಚಳ ಬಡಿಯುತ್ತ ನಡೆದಳು. ತನ್ನ ಕಾರ್ಡಿಗೆ ತೆರೆಯದ ಗಾಜಿನ ಬಾಗಿಲುಗಳ ಮುಂದೆ ನಿಂತು ನಿಂತು ಬಡಿದಳು. ಒಳಗಿದ್ದವರು ತಲೆ ಎತ್ತಿದರು. ಆ ಸದ್ದು ಅವರಿಗೆ ಮರೆತಿರಲಿಲ್ಲ. ಒಬ್ಬೊಬ್ಬರೇ ಬಾಗಿಲು ತೆಗೆದುಕೊಂಡು ಹೊರಬಂದರು. ಬೀಗ ಹಾಕಿದ್ದ ಬಾಗಿಲುಗಳಿಗೂ ಒಳಗಿನಿಂದ ಚಿಲಕ ಇರುತ್ತದಲ್ಲ, ಅಷ್ಟೇ ವಿಷಯ.

ಮೇಜಿನ ಸುತ್ತ ಜಾಗ ಸಾಲದೆ ಗೋಡೆಗೆ ಒರಗಿ ನಿಂತರು. ಡಂಗುರ ಹೇಳಿದಳು: ತಪ್ಪು ಇಂಥದ್ದು, ತಾನು ಹಿಡಿದದ್ದು, ಪಟ್ಟಿಯಿಂದ ಹೋದಾಗ ಕೇಳದೆ ಬಿಟ್ಟದ್ದು, ಡ್ರೈವರ್ ಒಬ್ಬ ಅಮಾನತಾಗಿ ಮನೆಯಲ್ಲಿ ಕೂತಿರುವುದು. ಆಮೇಲೆ ಕೇಳಿದಳು: "ಯಾರ್ಯಾರಿಗೆ ತಾಗುತ್ತೆ?"

ಬಿಡುವಿನ ಗುಂಪಿನಲ್ಲಿ ಗೊಣಗ ಎಂಬ ಹೆಸರಿನವನೊಬ್ಬ ಇದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಗೊಣಗುವುದೇ ಅವನ ಸ್ವಭಾವ. ಅವನು, "ಅದಲುಬದಲು ಆದದ್ದು ನಮಗೆ ಬರೋದೇ ಇಲ್ಲಕ್ಕಾ. ಹಾಗೊಂದು ತಪ್ಪಿದೆ ಅಂತ ನಮ್ಮ ಪಟ್ಟಿಯಲ್ಲಿ ಯಾವತ್ತೂ ಕಂಡಿಲ್ಲ" ಎಂದ.

ಅದಲುಬದಲಿನ ಗುಂಪಿನವನೊಬ್ಬ ತಲೆ ಕೆರೆದುಕೊಂಡ. "ನಮಗೆ ಗೊತ್ತಿತ್ತು. ಬಿಡುವಿನವರು ಸರಿ ಮಾಡ್ತಿದಾರೆ, ನೀವು ಮುಟ್ಬೇಡಿ ಅಂದ್ರು."

"ಯಾರು ಅಂದ್ರು?"

ಅವನು ಬೀಗನ ಕೋಣೆಯ ಕಡೆ ಗದ್ದ ಎತ್ತಿ ತೋರಿಸಿದ.

"ನಮಗೇ ಗೊತ್ತಿಲ್ಲದ್ದನ್ನ ನಾವು ಸರಿ ಮಾಡ್ತಿದ್ವಾ! ಭೇಷ್! ನಮ್ಮ ಹೆಂಡ್ತೀರಿಗೆ ಹೇಳಬೇಕು ಇದನ್ನ" ಎಂದ ಗೊಣಗ. ಒಬ್ಬರೂ ನಗಲಿಲ್ಲ.

ಫೋನಿನ ಗುಂಪಿನವಳು ಒಬ್ಬಳು ಅಷ್ಟು ಹೊತ್ತು ತುತ್ತು ಕೈಯಲ್ಲೇ ಹಿಡಿದು ನಿಂತಿದ್ದಳು. "ಡ್ರೈವರ್‌ಗಳು ಬರೀತಾನೇ ಇದ್ರು ಅಕ್ಕಾ. ನಾನು ಓಡಿಸಿದೀನಿ, ರಜೆ ಅಂತ ತೋರಿಸ್ತಿದೆ, ಅಂತ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತ ಉತ್ತರ ಕಳಿಸೋಕೆ ಹೇಳಿದ್ರು. ಕಳಿಸ್ತಿದ್ವಿ." ಅವಳು ತುತ್ತನ್ನು ಡಬ್ಬಿಗೆ ವಾಪಸು ಹಾಕಿದಳು. "ಇವನೂ ಬರೆದಿದ್ದ ಅನ್ಸುತ್ತೆ."

ಕೇಳಿದಿರಾ? ಬೆಂಕಿ ಬಿದ್ದದ್ದು ಒಬ್ಬನಿಗೆ ಗೊತ್ತು, ನೀರಿದ್ದದ್ದು ಇನ್ನೊಬ್ಬನ ಹತ್ತಿರ, ಹೊಗೆಯ ವಾಸನೆ ಮೂರನೆಯವಳಿಗೆ. ಮೂವರ ನಡುವೆ ಗಾಜು. ಇದನ್ನು ಅವರು ಶಿಸ್ತು ಎಂದು ಕರೆಯುತ್ತಿದ್ದರು. ದುಡಿಯುವವರನ್ನು ಒಬ್ಬರಿಗೊಬ್ಬರು ಕಾಣದ ಹಾಗೆ ಕೂರಿಸುವುದು ಹಳೆಯ ಆಟ. ಗಿರಣಿಯಲ್ಲಿ ಒಂದು ಪಾಳಿಯವರು ಇನ್ನೊಂದು ಪಾಳಿಯವರ ಜೊತೆ ಗೇಟಿನಲ್ಲಿ ಮಾತಾಡಿದರೆ ದಂಡ ಹಾಕುತ್ತಿದ್ದರು. ಗಾಜು ಹೊಸದು, ಬುದ್ಧಿ ಅದೇ.

ಬೀಗ ಬಂದು ಬಾಗಿಲಲ್ಲಿ ನಿಂತಿದ್ದ. "ಎಲ್ಲರೂ ತಮ್ಮತಮ್ಮ ಜಾಗಕ್ಕೆ ಹೋಗಿ" ಎಂದ, ಮೆತ್ತಗೇ. ಕೆಲವರು ಹೋದರು. ಹೋಗುವವರನ್ನು ನಾನು ಬೈಯುವುದಿಲ್ಲ. ಮನೆಯಲ್ಲಿ ಒಲೆ ಎಲ್ಲರಿಗೂ ಇದೆ. ಗೊಣಗ ಹೋಗಲಿಲ್ಲ. ಕೂತು ಊಟ ಮುಂದುವರಿಸಿದ.

ಆ ಸಂಜೆ ಗಂಡ ಹೆಂಡತಿಗೆ ಸಣ್ಣ ಜಗಳವಾಯಿತು.

"ವಿಚಾರಣೆಗೆ ಹೋಗಿ ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ, ಗೊತ್ತಲ್ಲ?" ಎಂದ ಗಂಡ.

"ಗೊತ್ತು."

"ನನ್ನ ಒಬ್ಬನ ಅಂಗಡಿಯಲ್ಲಿ ಮನೆ ಎಳೆಯೋದು ಕಷ್ಟ."

"ಅದೂ ಗೊತ್ತು. ನೀನು ಫ್ರಿಜ್ಜು ರಿಪೇರಿ ಮಾಡಿದ್ರೆ ಹಿಂಬದಿ ಬಿಚ್ಚಿ, ನೋಡಿ ಇಲ್ಲಿ ಸುಟ್ಟಿದೆ ಅಂತ ತೋರಿಸ್ತೀಯಲ್ಲ. ಯಾಕೆ ತೋರಿಸ್ತೀಯ?"

"ತೋರಿಸದೆ ಇದ್ರೆ ನಾನೇ ಸುಟ್ಟೆ ಅಂತಾರೆ."

"ಆ ಡ್ರೈವರಿಗೂ ಅದನ್ನೇ ಅಂದಿದಾರೆ."

ಗಂಡ ಸಿಟ್ಟಿನಲ್ಲೇ ಎದ್ದು ಹೋಗಿ ಅಂಗಡಿಯ ಬಾಗಿಲು ಧಡಾರನೆ ಎಳೆದ.

ವಿಚಾರಣೆಯ ದಿನ ಡಂಗುರ ಮತ್ತು ಗೊಣಗ ಇಬ್ಬರೇ ಬಂದರು. ನಾನು ಸಂಘದವರ ಜೊತೆ ಹಿಂದಿನ ಬೆಂಚಿನಲ್ಲಿ ಇದ್ದೆ. ಆಫೀಸಿನಿಂದ ಒಂದು ತುಂಡು ಕಾಗದವನ್ನೂ ಅವರು ತಂದಿರಲಿಲ್ಲ. ಡಂಗುರ ಅಧಿಕಾರಿಗೆ ಹೇಳಿದ್ದು ಇಷ್ಟೇ: "ಸಾರ್, ನಮ್ಮನ್ನ ನಂಬಬೇಡಿ. ನಿಮ್ಮ ಡಿಪೋ ಮೇಲ್ವಿಚಾರಕರು ಅವರ ಕಂಪ್ಯೂಟರಲ್ಲೇ ಯಾರಾದ್ರೂ ಇಬ್ಬರು ಡ್ರೈವರ್‌ಗಳ ಪಾಳಿ ಅದಲುಬದಲು ಮಾಡಿ ನೋಡಲಿ."

ಮೇಲ್ವಿಚಾರಕ ಮುಖ ಗಂಟಿಕ್ಕಿಕೊಂಡೇ ಕೂತ. ಎರಡು ಹೆಸರು ಹಾಕಿದ, ಬದಲಾಯಿಸಿದ, ಒಪ್ಪಿಗೆ ಒತ್ತಿದ, ಮರುದಿನದ ಪಾಳಿ ತೆಗೆದ. ರಾತ್ರಿ ಓಡಿಸಬೇಕಾದವನ ಮುಂದೆ 'ರಜೆ' ಎಂದು ಬಂತು, ಪಕ್ಕದಲ್ಲೇ ನಸುಕಿನ ಪಾಳಿ. ಮೇಲ್ವಿಚಾರಕ ಅಳಿಸಿ ಬೇರೆ ಹೆಸರು ಹಾಕಿದ. ಮತ್ತೆ ಅದೇ. ಡ್ರೈವರ್ ಎದ್ದು ನಿಂತು ಪರದೆ ನೋಡಿದ.

ಕೆಲಸ ವಾಪಸು ಸಿಕ್ಕಿತು. ಆದೇಶದಲ್ಲಿ ಬರೆದದ್ದು: "ಸಂಶಯದ ಲಾಭ ನೀಡಿ." ಅವನಿಗೆ ಲಾಭವಂತೆ! ಕುಡುಕ ಎಂದವರು, ಯಾರ ಮನೆಯಲ್ಲಿದ್ದೆ ಎಂದವರು ಒಬ್ಬರೂ ತಪ್ಪಾಯಿತು ಎನ್ನಲಿಲ್ಲ. ಕಂಪನಿ ಅದಕ್ಕೆ "ಸಣ್ಣ ತಾಂತ್ರಿಕ ಅಡಚಣೆ" ಎಂದು ಹೆಸರಿಟ್ಟು ತಿಪ್ಪೆ ಸಾರಿಸಿತು, ಈ ಊರಿನ ಡಿಪೋಗಳಿಗೆ ಸರಿ ಮಾಡಿಕೊಟ್ಟಿತು. ಡಂಗುರಳಿಗೆ ಅದೇ ವಾರ ಬಾಗಿಲು ತೋರಿಸಿದರು. ಗೊಣಗನನ್ನು ಕೆಲಸವಿಲ್ಲದ ಕುರ್ಚಿಯಲ್ಲಿ ಕೂರಿಸಿದರು. ಅವನು ಗೊಣಗುತ್ತಲೇ ಬೇರೆ ಕಡೆ ಹೋದ. ಬೀಗನಿಗೆ ಬಡ್ತಿ ಸಿಕ್ಕಿತು. ನೀವು ಬೇರೆ ಏನಾದರೂ ನಿರೀಕ್ಷಿಸಿದ್ದರೆ, ನಿಮ್ಮ ವಯಸ್ಸು ಇನ್ನೂ ಚಿಕ್ಕದು.

ಒಂದು ಭಾನುವಾರ ಡ್ರೈವರ್ ಆ ಮನೆಗೆ ಬಂದ. ನಾನೂ ಇದ್ದೆ. ಕೃತಜ್ಞತೆ ಹೇಳಲು ಬಂದಿದ್ದಾನೆಂದು ಅತ್ತೆ ಕುರ್ಚಿ ಎಳೆದಳು. ಅವನು ಕೂರಲಿಲ್ಲ. ಮೆಷಿನ್ನುಗಳ ನಡುವೆ ನಿಂತೇ ಕೇಳಿದ.

"ನೀವು ಮೊದಲೇ ಕಂಡಿದ್ರಂತಲ್ಲ?"

"ಕಂಡಿದ್ದೆ" ಎಂದಳು ಡಂಗುರ.

"ಮತ್ತೆ?"

"ಸರಿಯಾಯ್ತು ಅಂದ್ಕೊಂಡೆ. ಕೇಳಬೇಕಿತ್ತು, ಕೇಳಲಿಲ್ಲ."

"ಆ ಅಜ್ಜಿನ ನೋಡೋಕೆ ಹೋಗಿದ್ದೆ. ಗೋಡೆ ಹಿಡ್ಕೊಂಡು ನಡೀತಾರೆ. ನನ್ನ ಮುಖ ನೋಡಿ ಆ ಕಡೆ ತಿರುಗಿದ್ರು. ಅವರಿಗೆ ನಾನು ಏನಂತ ಹೇಳ್ಲಿ? ಅಡಚಣೆ ಅಂತ ಹೇಳ್ಲಾ?"

ಗಂಡ, "ಅವಳು ಕೆಲಸ ಕಳ್ಕೊಂಡಿದಾಳಪ್ಪ ನಿನಗೋಸ್ಕರ" ಎಂದು ಮುಂದೆ ಬಂದ.

"ನೀನು ಸುಮ್ನಿರು" ಎಂದಳು ಹೆಂಡತಿ. "ಅವರು ಕೇಳ್ತಿರೋದು ಸರಿ."

"ಇದನ್ನೇ ಬೇರೆ ಊರುಗಳಿಗೂ ಮಾರಿದಾರಾ?" ಎಂದ ಡ್ರೈವರ್.

"ಮಾರಿದಾರೆ."

"ಅಲ್ಲೂ ಸರಿ ಮಾಡಿದಾರಾ?"

"ನನಗೆ ಈಗ ಒಳಗೆ ನೋಡೋಕೆ ಆಗಲ್ಲ. ಆದ್ರೆ ಸರಿ ಮಾಡಬೇಕಂದ್ರೆ ಇಂಥ ತಪ್ಪಿತ್ತು ಅಂತ ಅವರಿಗೆ ಹೇಳಬೇಕಲ್ಲ. ಅವರು ಹೇಳೋ ಪೈಕಿ ಅಲ್ಲ."

"ಅಂದ್ರೆ ಅಲ್ಲಿ ಇವತ್ತೂ ಯಾರೋ ನನ್ನ ಹಾಗೆ ಕಣ್ಣು ಬಿಟ್ಕೊಂಡು ನಿದ್ದೆ ಮಾಡ್ತಾ ಓಡಿಸ್ತಿದಾನೆ."

"ಓಡಿಸ್ತಿರಬಹುದು" ಎಂದಳು ಅವಳು.

"ಪಕ್ಕದೂರಿನ ಡಿಪೋ ಸಂಘದವರು ನನಗೆ ಗೊತ್ತು. ಮಧ್ಯಾಹ್ನ ಪಾಳಿ ಬದಲಾಗೋ ಹೊತ್ತಿಗೆ ಎಲ್ಲರೂ ಗೇಟಲ್ಲಿ ಸಿಗ್ತಾರೆ" ಎಂದ ಅವನು. "ನಾನು ಹೇಳಿದ್ರೆ ಬಸ್ ಗುದ್ದಿದೋನು ಅಂತಾರೆ. ನೀವು ಬಂದು ಹೇಳ್ಬೇಕು. ಬರ್ತೀರಾ, ಇಲ್ಲ ಇಲ್ಲೇ ಕೂತಿರ್ತೀರಾ?"

ಅಡುಗೆಮನೆಯಿಂದ ಅತ್ತೆ ಕೂಗಿದಳು. "ಹೋಗೇ! ಇಲ್ಲಿದ್ದು ಇನ್ನೆಷ್ಟು ದಿನ ನನ್ನ ಹಾಲು ಉಕ್ಕಿಸ್ತೀಯ?"

ಡಂಗುರ ಆಗಲೇ ಚಪ್ಪಲಿ ಹುಡುಕುತ್ತಿದ್ದಳು. ಒಂದು ಸಿಕ್ಕಿತು. ಇನ್ನೊಂದು ವಾಷಿಂಗ್ ಮೆಷಿನ್ನಿನ ಅಡಿಗೆ ಹೋಗಿತ್ತು. ಗಂಡ ಗೊಣಗಾಡುತ್ತಲೇ ಮೆಷಿನ್ನನ್ನು ಒಂದು ಕಡೆಯಿಂದ ಎತ್ತಿ ಹಿಡಿದ. ಡ್ರೈವರ್ ಬಗ್ಗಿ ಚಪ್ಪಲಿಯನ್ನು ಎಳೆದು ಅವಳ ಮುಂದೆ ಹಾಕಿದ. ಮುಖದ ಸಿಟ್ಟು ಹಾಗೇ ಇತ್ತು. ಇಬ್ಬರೂ ಬಸ್ ಹಿಡಿಯಲು ಹೊರಟರು, ದಾರಿಯುದ್ದಕ್ಕೂ ಜಗಳವಾಡುತ್ತ.